ತೊಟ್ಟಿಯೊಳಗಿನವರು

ಬೆಳಗ್ಗೆ ಏಳೂವರೆಗೆ ಕೂಸಿನ ಸ್ನಾನ. ಬಚ್ಚಲಿನ ಕಿಟಕಿ ಮುಚ್ಚಿ, ಹಬೆ ತುಂಬಿಕೊಂಡ ಮೇಲೆ, ಸಿಸ್ಟರ್ ಮೊಣಕೈ ಅದ್ದಿ ನೀರಿನ ಹದ ನೋಡುತ್ತಿದ್ದರು. ಮೊಮ್ಮಗಳು ದಿನ ತುಂಬುವ ಮೊದಲೇ ಹುಟ್ಟಿದವಳು. ಎರಡು ತಿಂಗಳಾಗಿತ್ತು. ಮೊದಲು ಎತ್ತಿಕೊಂಡಾಗ ಅಂಗೈಯಲ್ಲಿ ಏನೂ ಇಲ್ಲದಂತೆ ಹಗುರವಾಗಿದ್ದ ಮೈ ಈಗಷ್ಟೇ ತೊಡೆಯ ಬಳಿ ಒಂದು ಮಡಿಕೆ ಕಾಣುವಷ್ಟು ತುಂಬಿಕೊಳ್ಳುತ್ತಿತ್ತು. ಆ ಮಡಿಕೆಯನ್ನು ಅವರು ದಿನವೂ ಬೆರಳಿನಿಂದ ಮುಟ್ಟಿ ನೋಡಿ ಸಮಾಧಾನಪಟ್ಟುಕೊಳ್ಳುತ್ತಿದ್ದರು.

ಸ್ನಾನವಾಗಿ ಕೂಸು ತಾಯಿಯ ಮಡಿಲು ಸೇರಿದ ಮೇಲೆ ಅವರ ಇನ್ನೊಂದು ಕೆಲಸ ಶುರುವಾಗುತ್ತಿತ್ತು. ನೀಲಿ ಕ್ಯಾನಿನಿಂದ ಒಂದು ಲೋಟ ಔಷಧಿ ಅಳೆದು ಬಚ್ಚಲಿನ ಮೋರಿಗೆ, ಒಂದು ಲೋಟ ಅಡುಗೆಮನೆಯ ಸಿಂಕಿಗೆ, ಮತ್ತೊಂದು ಲೋಟ ಶೌಚಾಲಯಕ್ಕೆ. ಆಸ್ಪತ್ರೆಯ ನೆಲ ಒರೆಸುವಾಗ ನೀರು ಬೆರೆಸಿ ಬಳಸುವ ಕ್ರಿಮಿನಾಶಕ ಅದು. ಅವರು ನೀರು ಬೆರೆಸುತ್ತಿರಲಿಲ್ಲ.

“ಅಮ್ಮಾ, ಕಣ್ಣು ಉರಿಯುತ್ತೆ” ಎಂದಳು ಮಗಳು.

“ಉರಿದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ. ನೀನು ಕೂಸನ್ನ ಆ ಕಡೆ ಕರ್ಕೊಂಡು ಹೋಗು.”

ಇಪ್ಪತ್ತೆಂಟು ವರ್ಷ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಅವರನ್ನು ನಲವತ್ತೆಂಟು ಮನೆಗಳ ಆ ಕಟ್ಟಡದಲ್ಲಿ ಎಲ್ಲರೂ ಕರೆಯುತ್ತಿದ್ದುದು ಸಿಸ್ಟರ್ ಎಂದೇ. ಒಮ್ಮೆ ಅಳಿಯನೇ ಬಾಯಿ ತಪ್ಪಿ ಹಾಗೆ ಕರೆದು, ಮನೆಯವರೆಲ್ಲ ಒಂದು ವಾರ ನಕ್ಕಿದ್ದರು. ಯಾರ ಮನೆಯಲ್ಲಿ ಜ್ವರ ಬಂದರೂ ಡಾಕ್ಟರಿಗಿಂತ ಮೊದಲು ಅವರಿಗೆ ಹೇಳಿಕಳುಹಿಸುತ್ತಿದ್ದರು. ಅವರು ಹೇಳಿದ್ದು ಹೇಳಿದ ಹಾಗೆ ನಡೆಯುತ್ತಿತ್ತು. ಹಾಗಾಗಿಯೇ ಕಳೆದ ತಿಂಗಳು ನಾಲ್ಕು ಮನೆಗಳಲ್ಲಿ ವಾಂತಿ ಭೇದಿ ಕಾಣಿಸಿಕೊಂಡಾಗ, ಕೆಳಗಿನ ಸಭಾಂಗಣದಲ್ಲಿ ಎಲ್ಲರನ್ನೂ ಕೂರಿಸಿ ಅವರು ಕೊಟ್ಟ ಸಲಹೆಗೆ ಯಾರೂ ಎದುರು ಹೇಳಲಿಲ್ಲ. ದಿನಕ್ಕೊಮ್ಮೆ ಪ್ರತಿ ಮೋರಿಗೂ ಒಂದು ಲೋಟ ಎಂದರು. ಮೂರನೆಯ ದಿನ ಒಂದು ಗಾಡಿ ತುಂಬ ಕ್ಯಾನುಗಳು ಬಂದವು. ಕಟ್ಟಡದವರು ಅದಕ್ಕೆ ‘ಸಿಸ್ಟರ್ ಔಷಧಿ’ ಎಂದೇ ಹೆಸರಿಟ್ಟರು.

ಭೇದಿ ನಿಂತಿತು. ಅದು ತಾನಾಗಿ ನಿಂತಿತೋ ಔಷಧಿಯಿಂದ ನಿಂತಿತೋ ಯಾರೂ ಕೇಳಲಿಲ್ಲ. ಆದರೆ ಎರಡು ವಾರ ಕಳೆಯುವಷ್ಟರಲ್ಲಿ ಕಟ್ಟಡದ ಹಿಂಭಾಗದಿಂದ ವಾಸನೆ ಏಳತೊಡಗಿತು. ಮೊದಮೊದಲು ಗಾಳಿ ಬೀಸಿದಾಗ ಮಾತ್ರ. ಆಮೇಲೆ ದಿನವಿಡೀ. ಹಿಂದಿನ ಗೋಡೆಗೆ ಒತ್ತಿಕೊಂಡು ಎರಡು ದೊಡ್ಡ ತೊಟ್ಟಿಗಳಿದ್ದವು. ನಲವತ್ತೆಂಟು ಮನೆಗಳ ಕೊಳಚೆಯೆಲ್ಲ ಮೊದಲನೆಯ ತೊಟ್ಟಿಗೆ ಬಂದು, ಅಲ್ಲಿ ಗಾಳಿಯಂತ್ರ ಊದುವ ಗುಳ್ಳೆಗಳಲ್ಲಿ ಮಗುಚಿ, ಎರಡನೆಯದರಲ್ಲಿ ತಿಳಿಯಾಗಿ, ಗೋಡೆಯಾಚೆಯ ಕಾಲುವೆಗೆ ಹೋಗುತ್ತಿತ್ತು. ಅದನ್ನು ಹತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದ ಮನುಷ್ಯನಿಗೆ ಕಟ್ಟಡದವರು ಇಟ್ಟ ಹೆಸರು ತೊಟ್ಟಿಯವನು. ನಲವತ್ತರ ಆಸುಪಾಸಿನ, ಮಾತು ಕಮ್ಮಿಯ ಆಳು. ಅವನ ಮುಖ ಸರಿಯಾಗಿ ನೋಡಿದವರು ಕಟ್ಟಡದಲ್ಲಿ ಹತ್ತು ಜನವೂ ಇರಲಿಕ್ಕಿಲ್ಲ.

ಬುಧವಾರ ಬೆಳಗ್ಗೆ ಅವನು ಐದನೆಯ ಮಹಡಿಗೆ ಬಂದು ಸಿಸ್ಟರ್ ಮನೆಯ ಗಂಟೆ ಒತ್ತಿದ.

“ಅಲ್ಲೇ ನಿಂತು ಹೇಳಪ್ಪ. ಮನೇಲಿ ಹಸುಗೂಸು ಇದೆ” ಎಂದರು ಸಿಸ್ಟರ್, ಬಾಗಿಲನ್ನು ಅರ್ಧ ತೆರೆದು.

ಅವನು ಎರಡು ಹೆಜ್ಜೆ ಹಿಂದೆ ಸರಿದೇ ನಿಂತ. “ಆ ಔಷಧಿ ಸುರಿಯೋದನ್ನ ನಿಲ್ಲಿಸೋಕೆ ನೀವು ಒಂದು ಮಾತು ಹೇಳ್ಬೇಕು ಸಿಸ್ಟರ್. ನಾನು ಹೇಳಿದ್ರೆ ಯಾರೂ ಕೇಳಲ್ಲ. ತೊಟ್ಟೀಲಿರೋವೆಲ್ಲ ಸತ್ತು ಹೋಗ್ತಿದಾವೆ.”

“ತೊಟ್ಟೀಲಿ ಏನಿದೆ ಸಾಯೋಕೆ?”

“ಕಣ್ಣಿಗೆ ಕಾಣದಂಥವು. ಒಂದೊಂದೇ ಕೋಶದ ಜೀವಿಗಳು. ಯಂತ್ರ ಬರೀ ಗಾಳಿ ಊದುತ್ತೆ ಅಷ್ಟೇ, ಕೊಳೆ ತಿಂದು ನೀರು ಶುದ್ಧ ಮಾಡೋದು ಅವು.”

“ಕ್ರಿಮಿ ಅನ್ನು.”

“ಹಾಗೇ ಅನ್ನಿ. ಆದ್ರೆ ಎಲ್ಲಾ ಕ್ರಿಮಿನೂ ಒಂದೇ ಥರ ಅಲ್ಲ.”

ಸಿಸ್ಟರಿಗೆ ಸಿಟ್ಟು ಬಂತು. ದನಿ ಏರಿಸದೆ, ವಾರ್ಡಿನಲ್ಲಿ ಹೊಸ ಹುಡುಗಿಯರಿಗೆ ಹೇಳುತ್ತಿದ್ದ ಹಾಗೆ ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು: “ನೋಡಪ್ಪ, ಒಂದು ವರ್ಷ ನಮ್ಮ ವಾರ್ಡಲ್ಲಿ ಒಂದೊಂದು ಹಾಸಿಗೇಲಿ ಮೂರು ಮೂರು ಮಕ್ಕಳನ್ನ ಮಲಗಿಸಿದ್ವಿ. ಭೇದಿ. ಬೆಳಗ್ಗೆ ನನ್ನ ಬೆರಳು ಹಿಡ್ಕೊಂಡು ಆಟ ಆಡ್ತಿದ್ದ ಮಗು ಸಂಜೆ ಇಲ್ಲ. ಅವರ ಅಮ್ಮಂದಿರ ಮುಖ ನೀನು ನೋಡಿಲ್ಲ, ನಾನು ನೋಡಿದೀನಿ. ನಿನಗೆ ಆ ಕ್ರಿಮಿ ಸಾಕಿಕೊಳ್ಳೋ ಕುರಿಮರಿ ಥರ ಕಾಣಬಹುದು. ನನಗೆ ಕಾಣಲ್ಲ.”

ಅವನು ತಲೆ ತಗ್ಗಿಸಿದ. “ನೀವು ಹೇಳೋದು ಸುಳ್ಳಲ್ಲ. ನನಗೂ ಇಬ್ಬರು ಮಕ್ಕಳಿದಾರೆ” ಎಂದ. ಇನ್ನೇನೋ ಹೇಳಲು ಬಾಯಿ ತೆರೆದು, ಬೇಡವೆನಿಸಿ, ಮೆಟ್ಟಿಲಿನ ಕಡೆ ತಿರುಗಿದ. ಅವನು ಇಳಿದು ಹೋದ ಮೇಲೆ ಸಿಸ್ಟರ್ ಒದ್ದೆ ಬಟ್ಟೆ ತಂದು, ಅವನು ಒತ್ತಿದ ಗಂಟೆಯ ಗುಂಡಿಯನ್ನು ಒರೆಸಿದರು.

ಅಂದೇ ಮಧ್ಯಾಹ್ನ ಕೆಳಗಿನ ಫಲಕದ ಮೇಲೆ ಒಂದು ಕಾಗದ ಅಂಟಿತು. ಕಟ್ಟಡದ ಸಂಘದ ಕಾರ್ಯದರ್ಶಿಗೆ ಏನಾದರೂ ಬರೆದು ಅಂಟಿಸದಿದ್ದರೆ ಊಟ ರುಚಿಸುತ್ತಿರಲಿಲ್ಲ. ಲಿಫ್ಟಿನಲ್ಲಿ ಜೋರಾಗಿ ಸೀನಬಾರದೆಂದು ಕೂಡ ಒಮ್ಮೆ ಅಂಟಿಸಿದ್ದರು. ಬೆನ್ನ ಹಿಂದೆ ಎಲ್ಲರೂ ಅವರನ್ನು ನೋಟೀಸ್ ಸಾಹೇಬರು ಎನ್ನುತ್ತಿದ್ದರು. ಈ ಸಲ ಬರೆದದ್ದು: ‘ತೊಟ್ಟಿಯ ನಿರ್ವಹಣೆಯಲ್ಲಿ ತೀವ್ರ ನಿರ್ಲಕ್ಷ್ಯ. ಸಂಬಂಧಪಟ್ಟ ನೌಕರನನ್ನು ತೆಗೆದುಹಾಕುವ ಬಗ್ಗೆ ಭಾನುವಾರ ಹತ್ತು ಗಂಟೆಗೆ ಸಭೆ.’ ಸಿಸ್ಟರ್ ಅದನ್ನು ಓದಿ, ‘ಸರಿಯಾಗೇ ಇದೆ’ ಅಂದುಕೊಂಡು ಲಿಫ್ಟು ಹತ್ತಿದರು.

ಗೋಡೆಯಾಚೆ ಒಬ್ಬಾಕೆ ಸೊಪ್ಪು ಬೆಳೆಯುತ್ತಿದ್ದಳು. ಕಟ್ಟಡದಿಂದ ಹರಿದು ಬರುವ ಶುದ್ಧವಾದ ನೀರೇ ಅವಳ ಬೇಸಾಯಕ್ಕೆ ಆಧಾರ. ಬೇಯಿಸಿ ತಿನ್ನುವ ಸೊಪ್ಪನ್ನು ಬಿಟ್ಟು ಬೇರೆ ಬೆಳೆಯುತ್ತಿರಲಿಲ್ಲ. ಕಟ್ಟಡದ ಅರ್ಧ ಮನೆಗಳಿಗೆ ಸೊಪ್ಪು ಅವಳದೇ. ಸೊಪ್ಪಿನಮ್ಮ ಎಂದು ಕರೆಸಿಕೊಳ್ಳುವ ಅವಳ ಬಳಿ ಸಿಸ್ಟರ್ ಶುಕ್ರವಾರ ಬೆಳಗ್ಗೆ ಹೋದರು. ಬಾಣಂತಿ ಮಗಳಿಗೆ ವಾರಕ್ಕೆರಡು ಸಲ ಸೊಪ್ಪು ಬೇಕಿತ್ತು.

ಗೇಟು ದಾಟಿದೊಡನೆ ಮೂಗಿಗೆ ಅದೇ ವಾಸನೆ ಬಡಿಯಿತು. ಕಾಲುವೆಯ ನೀರು ಬೂದಿ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಕೊಳೆತ ನೊರೆ ನಿಂತಿತ್ತು. ಹಿಂದಿನ ಸಾಲಿನ ಪಾತಿಗಳಲ್ಲಿ ಸೊಪ್ಪು ಹಳದಿಗಟ್ಟಿ ಮಲಗಿತ್ತು.

“ಎರಡು ಕಟ್ಟು ಕೊಡಮ್ಮ” ಎಂದರು ಸಿಸ್ಟರ್, ಮೂಗಿಗೆ ಸೆರಗು ಹಿಡಿದು.

“ಇವತ್ತು ಬೇಡ ಸಿಸ್ಟರ್.”

“ಅಲ್ಲಿ ಮುಂದಿನ ಸಾಲು ಚೆನ್ನಾಗೇ ಇದೆಯಲ್ಲ?”

“ನೋಡೋಕೆ ಚೆನ್ನಾಗಿದೆ. ನೀರು ಅದೇ ತಾನೆ?” ಸೊಪ್ಪಿನಮ್ಮ ಎದ್ದು ನಿಂತು ಕೈ ಒರೆಸಿಕೊಂಡಳು. ಮೊಣಕೈವರೆಗೂ ಕೆಂಪಗೆ ಗಂಧೆ ಎದ್ದಿತ್ತು. “ಬೇರೆಯವರು ಕೇಳಿದ್ರೂ ಕೊಟ್ಟಿಲ್ಲ. ನಿಮ್ಮನೇಲಂತೂ ಹಸುಗೂಸಿದೆ, ಹಾಲು ಕುಡಿಸೋ ತಾಯಿ ಇದಾಳೆ. ಹೇಗೆ ಕೊಡ್ಲಿ? ಇದನ್ನೆಲ್ಲ ಕಿತ್ತು ಹಾಕ್ತೀನಿ.”

ಸಿಸ್ಟರ್ ಅವಳ ಕೈ ಹಿಡಿದು ತಿರುಗಿಸಿ ನೋಡಿದರು. ಅಭ್ಯಾಸಬಲ. “ಯಾವಾಗಿಂದ ಹೀಗೆ?”

“ನೀರು ಕೆಟ್ಟಾಗಿಂದ. ಮೂರು ವಾರ ಆಯ್ತು ಅಂತ ಕಾಣುತ್ತೆ. ಮೊದಲು ಮಣ್ಣಿನ ಘಮ ಬರೋದು ಆ ನೀರಿಗೆ. ನಿಮ್ಮ ತೊಟ್ಟಿಯವನು ಪಾಪ ದಿನಾ ಬಂದು ನೋಡ್ಕೊಂಡು ಹೋಗ್ತಾನೆ. ಅವನ ಮುಖ ನೋಡಿದ್ರೆ ಮನೇಲಿ ಯಾರೋ ತೀರ್ಕೊಂಡ ಹಾಗಿರುತ್ತೆ.”

ಮೂರು ವಾರ. ಸಿಸ್ಟರ್ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಕ್ಯಾನುಗಳ ಗಾಡಿ ಬಂದದ್ದು ಯಾವ ವಾರ ಎಂಬುದು ಅವರಿಗೆ ಚೆನ್ನಾಗಿ ನೆನಪಿತ್ತು. ಗಾಡಿಯ ಮುಂದೆ ನಿಂತು ಎಣಿಸಿ ಇಳಿಸಿಕೊಂಡವರು ಅವರೇ. ಯಾವ ಕಾಯಿಲೆಗೆ ಹೆದರಿ ಅಷ್ಟೆಲ್ಲ ಮಾಡಿದರೋ ಆ ಕಾಯಿಲೆಯ ನೀರು ಕಣ್ಣೆದುರೇ ಪಾತಿಗೆ ನುಗ್ಗುತ್ತಿತ್ತು. ಈ ಹೆಂಗಸು ತಾನಾಗಿ ಬೇಡವೆನ್ನದಿದ್ದರೆ ಅದರಲ್ಲಿ ಬೆಳೆದ ಸೊಪ್ಪು ಇಷ್ಟೊತ್ತಿಗೆ ಅವರ ಚೀಲದಲ್ಲಿರುತ್ತಿತ್ತು.

ಅವರು ಮನೆಗೆ ಹೋಗಲಿಲ್ಲ. ಕಟ್ಟಡವನ್ನು ಸುತ್ತಿಕೊಂಡು ಹಿಂಭಾಗಕ್ಕೆ ನಡೆದರು. ಹನ್ನೊಂದು ವರ್ಷ ಆ ಕಟ್ಟಡದಲ್ಲಿದ್ದರೂ ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು.

ತೊಟ್ಟಿಗಳ ಪಕ್ಕದಲ್ಲಿ ತಗಡಿನ ಮಾಡಿನ ಒಂದು ಕೋಣೆ. ಒಳಗೆ ಒಂದು ಮೇಜು, ಸ್ಟೂಲು, ಗೋಡೆಗೆ ನೇತುಹಾಕಿದ ಒಗೆದ ಅಂಗಿ. ಕಪಾಟಿನಲ್ಲಿ ಒಂದು ಲೀಟರಿನ ಗಾಜಿನ ಜಾಡಿಗಳು ಸಾಲಾಗಿ. ಸಿಸ್ಟರ್ ನೆಲ ನೋಡಿದರು. ಅವರ ವಾರ್ಡಿನ ನೆಲದಷ್ಟೇ ಚೊಕ್ಕಟವಾಗಿತ್ತು. ತೊಟ್ಟಿಯವನು ಹಳೆಯ ಮೈಕ್ರೋಸ್ಕೋಪಿನ ಮುಂದೆ ಬಗ್ಗಿ ಕೂತಿದ್ದವನು ಗಾಬರಿಯಿಂದ ಎದ್ದ.

“ಕೂತ್ಕೊ. ನಾನು ಜಗಳಕ್ಕೆ ಬಂದಿಲ್ಲ” ಎಂದರು ಸಿಸ್ಟರ್. “ಮೊನ್ನೆ ಏನೋ ಹೇಳೋಕೆ ಬಂದು ಅರ್ಧಕ್ಕೆ ಬಿಟ್ಟೆಯಲ್ಲ, ಅದನ್ನ ಪೂರ್ತಿ ಹೇಳು.”

ಅವನು ಹೇಳಲಿಲ್ಲ, ತೋರಿಸಿದ. ಮೊದಲು ಜಾಡಿ. ತೊಟ್ಟಿಯ ನೀರು ತುಂಬಿ ಅರ್ಧ ಗಂಟೆಯಾಗಿದ್ದರೂ ಗಸಿ ತಳಕ್ಕೆ ಇಳಿದಿರಲಿಲ್ಲ. ಜಾಡಿಯ ತುಂಬ ಬೂದಿ ಬಣ್ಣದ ಮೋಡ. “ಚೆನ್ನಾಗಿದ್ದಾಗ ಕಂದು ಗಸಿ ಕೆಳಗೆ ಕೂತು, ಮೇಲೆ ಕನ್ನಡಿ ಥರ ನೀರು ನಿಲ್ಲುತ್ತೆ” ಎಂದ. ಆಮೇಲೆ ಅದೇ ನೀರಿನ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನ ಕಡೆ ಕೈ ತೋರಿದ.

ಸಿಸ್ಟರ್ ಕನ್ನಡಕ ತೆಗೆದು ಬಗ್ಗಿದರು. ಕಂಡದ್ದು ಪುಡಿಪುಡಿ ಚೂರುಗಳು, ತೊಟ್ಟು ಕಳಚಿ ಬಿದ್ದ ಯಾವುದೋ ಖಾಲಿ ಬಟ್ಟಲುಗಳು. ಏನೂ ಅಲುಗಾಡುತ್ತಿರಲಿಲ್ಲ.

“ಇದು ಇವತ್ತಿನದು. ಈಗ ಇದನ್ನ ನೋಡಿ. ಪೇಟೆ ಆಚೆ ಇನ್ನೊಂದು ತೊಟ್ಟಿ ಇದೆ, ನನ್ನ ಸ್ನೇಹಿತ ನೋಡ್ಕೊಳ್ತಾನೆ. ಬೆಳಗ್ಗೆ ಸೈಕಲ್ಲಲ್ಲಿ ಹೋಗಿ ಒಂದು ಸೀಸೆ ತಂದೆ.”

ಎರಡನೆಯ ಹನಿ ಜೀವದಿಂದ ಗಿಜಿಗುಡುತ್ತಿತ್ತು. ನೀಳವಾದ ತೊಟ್ಟಿನ ತುದಿಯಲ್ಲಿ ಪುಟ್ಟ ಗಂಟೆಗಳಂಥವು ಗೊಂಚಲಾಗಿ ನಿಂತಿದ್ದವು. ಬಾಯಿಯ ಸುತ್ತ ಸಣ್ಣ ಕೂದಲುಗಳು ಬಿಡುವಿಲ್ಲದೆ ಬೀಸುತ್ತ ನೀರನ್ನು ಸುಳಿಯಾಗಿ ಒಳಗೆಳೆಯುತ್ತಿದ್ದವು. ಒಂದು ಥಟ್ಟನೆ ತೊಟ್ಟನ್ನು ಸುರುಳಿ ಸುತ್ತಿಕೊಂಡು ಕುಗ್ಗಿತು, ಮರುಕ್ಷಣ ಮೆಲ್ಲಗೆ ನೆಟ್ಟಗಾಯಿತು. ಅವುಗಳ ನಡುವೆ ಚಪ್ಪಲಿಯ ಆಕಾರದ್ದೊಂದು ಅವಸರದಲ್ಲಿ ಓಡಿತು. ಮೂಲೆಯಲ್ಲಿ ಚೆಲ್ಲಿದ ಎಣ್ಣೆಯಂಥದ್ದೊಂದು ನಿಧಾನವಾಗಿ ಒಂದು ಬದಿಗೆ ಹರಿಯುತ್ತಿತ್ತು.

“ಅದನ್ನ ನಾನು ಸೋಮಾರಿ ಅಂತೀನಿ” ಎಂದ ತೊಟ್ಟಿಯವನು. “ಈ ತೊಟ್ಟಿ ಕಟ್ಟಿಸಿದ ಇಂಜಿನಿಯರ್ ಮೇಡಮ್ಮು ಇದನ್ನೆಲ್ಲ ಕಲಿಸಿಕೊಟ್ಟೋರು. ಪುಸ್ತಕದ ಹೆಸರು ನನಗೆ ನೆನಪಿರಲ್ಲ, ಗಂಟೆ, ಚಪ್ಪಲಿ, ಸೋಮಾರಿ ಅಂತ ನಾನೇ ಇಟ್ಕೊಂಡೆ. ಮಣ್ಣಲ್ಲಿ, ಕೆರೇಲಿ, ನಮ್ಮ ಹೊಟ್ಟೇಲಿ, ಇಂಥವು ಲೆಕ್ಕ ಇಲ್ಲದಷ್ಟು ಬಗೆ ಇದಾವಂತೆ. ಕಾಯಿಲೆ ತರೋವು ಅದರಲ್ಲಿ ಎಲ್ಲೋ ಕೆಲವು. ನಾವು ಉಸಿರಾಡೋ ಆಮ್ಲಜನಕದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಸಮುದ್ರದಲ್ಲಿ ತೇಲೋ ಇಂಥವುಗಳಿಂದಲೇ ಅಂದಿದ್ರು ಮೇಡಮ್ಮು. ಇವೆಲ್ಲ ಒಟ್ಟಿಗೆ ರಜೆ ಹಾಕಿದ್ರೆ ಬಿದ್ದ ಎಲೆ ಬಿದ್ದ ಹಾಗೇ ಇರುತ್ತೆ, ಸತ್ತಿದ್ದು ಮಣ್ಣಾಗಲ್ಲ, ಹೊಸದು ಹುಟ್ಟಲ್ಲ.”

ಅವನು ಇಷ್ಟು ಮಾತಾಡಬಲ್ಲನೆಂದು ಸಿಸ್ಟರಿಗೆ ಗೊತ್ತಿರಲಿಲ್ಲ. ಕಣ್ಣು ತೆಗೆಯದೆಯೇ ಕೇಳಿದರು: “ಈ ಗಂಟೆ ಏನು ತಿನ್ನುತ್ತೆ?”

“ಬ್ಯಾಕ್ಟೀರಿಯಾ. ನೀರಲ್ಲಿ ಬಿಡಿಬಿಡಿಯಾಗಿ ತೇಲ್ತಾ ಇರೋದನ್ನೆಲ್ಲ ಎಳ್ಕೊಂಡು ನುಂಗುತ್ತೆ. ನೀವು ಮೊನ್ನೆ ಹೇಳಿದ್ರಲ್ಲ, ಹೊಟ್ಟೆ ಕೆಡಿಸೋ ಅಂಥವು, ಅದನ್ನೂ ಸೇರಿಸಿ. ಎಲ್ಲಾನೂ ಮುಗಿಸುತ್ತೆ ಅಂತ ಹೇಳಲ್ಲ. ಆದ್ರೆ ಬಹಳಷ್ಟು.”

ಸಿಸ್ಟರ್ ನೆಟ್ಟಗಾಗಿ ಕನ್ನಡಕ ಹಾಕಿಕೊಂಡರು.

“ನಮ್ಮ ವಾರ್ಡಲ್ಲಿ ಆಂಟಿಬಯಾಟಿಕ್ ಜಾಸ್ತಿ ದಿನ ಕೊಟ್ಟ ಮಕ್ಕಳಿಗೆ ಹೊಸದಾಗಿ ಭೇದಿ ಶುರು ಆಗೋದು” ಎಂದರು, ತಮಗೆ ತಾವೇ ಹೇಳಿಕೊಳ್ಳುವಂತೆ. “ಹೊಟ್ಟೇಲಿರೋ ಒಳ್ಳೇವೂ ಸತ್ತು ಹೋದ್ವು ಸಿಸ್ಟರ್, ಔಷಧಿ ನಿಲ್ಸಿ ಅನ್ನೋರು ಡಾಕ್ಟರು. ನಾನೇ ಎಷ್ಟು ಸಲ ನಿಲ್ಸಿದೀನಿ. ಗೊತ್ತಿದ್ದ ವಿಷಯ. ಕೂಸು ಮನೆಗೆ ಬಂದಾಗಿಂದ ಭಯ ಒಂದು ಬಿಟ್ಟು ಬೇರೇನೂ ತಲೇಲಿ ಉಳೀಲಿಲ್ಲ.”

ತೊಟ್ಟಿಯವನು ಫ್ಲಾಸ್ಕಿನಿಂದ ಒಂದು ಲೋಟಕ್ಕೆ ಚಹಾ ಬಗ್ಗಿಸಿ, ಕೊಡಲೋ ಬೇಡವೋ ಎಂದು ಕೈಯಲ್ಲೇ ಹಿಡಿದು ನಿಂತ. ಸಿಸ್ಟರ್ ಕೈ ಚಾಚಿ ತೆಗೆದುಕೊಂಡು ಕುಡಿದರು.

“ಇದಕ್ಕೆ ಈಗ ಚಿಕಿತ್ಸೆ ಏನು?”

“ಮೊದಲು ಔಷಧಿ ಪೂರ್ತಿ ನಿಲ್ಬೇಕು. ಆಮೇಲೆ ಆ ತೊಟ್ಟಿಯಿಂದ ಒಂದು ಟ್ಯಾಂಕರ್ ಜೀವ ಇರೋ ಗಸಿ ತಂದು ಇಲ್ಲಿ ಸುರೀಬೇಕು. ಹೆಪ್ಪು ಹಾಕಿದ ಹಾಗೆ. ಮೂರು ವಾರ ಬೇಕು. ಅಲ್ಲೀತನಕ ವಾಸನೆ ತಡ್ಕೊಬೇಕು. ಆದ್ರೆ ಭಾನುವಾರ ಆದ್ಮೇಲೆ ನಾನೇ ಇರಲ್ವಲ್ಲ ಸಿಸ್ಟರ್.”

ಭಾನುವಾರ ಸಭಾಂಗಣ ಕಿಕ್ಕಿರಿದಿತ್ತು. ನೋಟೀಸ್ ಸಾಹೇಬರು ಎದ್ದು ನಿಂತು, ನಿರ್ಲಕ್ಷ್ಯ ಎಂಬ ಪದವನ್ನು ಆರು ಸಲ ಬಳಸಿ ಮಾತಾಡಿದರು. ತೊಟ್ಟಿಯವನು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ಅವನಿಗೆ ಯಾರೂ ಕುರ್ಚಿ ತೋರಿಸಿರಲಿಲ್ಲ. “ವಿರೋಧ ಇರೋರು ಕೈ ಎತ್ತಿ” ಎಂದಾಗ ಮೊದಲ ಸಾಲಿನಲ್ಲಿ ಸಿಸ್ಟರ್ ಎದ್ದರು.

“ತೊಟ್ಟಿ ಕೆಟ್ಟಿದ್ದು ಅವರಿಂದ ಅಲ್ಲ. ನನ್ನಿಂದ.”

ಬಾಗಿಲ ಬಳಿ ನಿಂತವನು ತಲೆ ಎತ್ತಿದ.

“ವಾರ್ಡಲ್ಲಿ ತಪ್ಪು ಔಷಧಿ ಕೊಟ್ಟುಬಿಟ್ರೆ ನಮಗೊಂದು ನಿಯಮ ಇತ್ತು. ಮುಚ್ಚಿಡಬಾರದು, ತಕ್ಷಣ ಹೇಳ್ಬೇಕು. ಇಲ್ಲಾಂದ್ರೆ ರೋಗಿ ಉಳಿಯಲ್ಲ. ನಾನು ನಿಮ್ಮೆಲ್ಲರ ಕೈಲಿ ತಪ್ಪು ಔಷಧಿ ಕೊಡಿಸಿದೆ. ನಲವತ್ತೆಂಟು ಮನೆ, ಮನೆಗೆ ಮೂರು ಲೋಟ, ದಿನಾ. ಆ ನೀರನ್ನ ಶುದ್ಧ ಮಾಡೋ ಜೀವಿಗಳೆಲ್ಲ ಅದರಿಂದ ಸತ್ತು ಹೋದ್ವು. ಈಗ ಶುದ್ಧ ಆಗದ ನೀರು ಗೋಡೆ ಆಚೆ ಸೊಪ್ಪಿನ ಪಾತಿಗೆ ಹೋಗ್ತಿದೆ. ಸೊಪ್ಪಿನಮ್ಮ ನನಗೆ ಸೊಪ್ಪು ಕೊಡಲ್ಲ ಅಂದ್ಲು. ಕೊಟ್ಟಿದ್ರೆ ನಾನು ತಂದು ಮಗಳಿಗೆ ಹಾಕ್ತಿದ್ದೆ.”

“ಹಾಗಂತ ಕ್ರಿಮಿಗಳನ್ನ ಹಾಗೇ ಬಿಟ್ಟುಬಿಡೋದಾ?” ಎರಡನೆಯ ಮಹಡಿಯ ದರ್ಜಿ ಕೇಳಿದ. ಕಳೆದ ತಿಂಗಳು ಭೇದಿಯಾಗಿ ಆಸ್ಪತ್ರೆ ಸೇರಿದ್ದು ಅವನ ಮಗಳು. “ನಮ್ಮನೇಲಿ ನಾವು ಪಟ್ಟ ಪಾಡು ನಮಗೆ ಗೊತ್ತು ಸಿಸ್ಟರ್.”

“ನಿನ್ನ ಭಯ ನನಗೆ ಅರ್ಥ ಆಗುತ್ತೆ. ನನ್ನದೂ ಅದೇ ಭಯ. ಕುಡಿಯೋ ನೀರು ಕುದಿಸು. ಊಟಕ್ಕೆ ಮುಂಚೆ, ಶೌಚಕ್ಕೆ ಹೋಗಿ ಬಂದ್ಮೇಲೆ ಸೋಪು ಹಾಕಿ ಕೈ ತೊಳೆಸು. ಮನೇಲಿ ಕಾಯಿಲೆ ಇದ್ರೆ ನನ್ನನ್ನ ಕರಿ, ಎಲ್ಲಿ ಎಷ್ಟು ಔಷಧಿ ಬೇಕೋ ನಾನೇ ಬಂದು ಅಳೆದು ಕೊಡ್ತೀನಿ. ಮೋರಿಗೆ ಸುರಿಯೋದ್ರಿಂದ ನಿನ್ನ ಮಗಳು ಉಳಿಯಲ್ಲ.”

ದರ್ಜಿ ಪೂರ್ತಿ ಒಪ್ಪಿದಂತೆ ಕಾಣಲಿಲ್ಲ, ಆದರೆ ಕೂತ. ನೋಟೀಸ್ ಸಾಹೇಬರು ಪೆನ್ನು ಹಿಡಿದು ಗೊಂದಲಕ್ಕೆ ಬಿದ್ದಿದ್ದರು. “ಹಾಗಾದ್ರೆ ನಿರ್ಲಕ್ಷ್ಯ ಯಾರದ್ದು ಅಂತ ಬರೀಲಿ? ನಡಾವಳಿ ಪುಸ್ತಕದಲ್ಲಿ ಯಾರದ್ದಾದ್ರೂ ಒಂದು ಹೆಸರು ಹಾಕಲೇಬೇಕಲ್ಲ.”

“ನನ್ನದು ಬರೀರಿ. ದೊಡ್ಡ ಅಕ್ಷರದಲ್ಲಿ ಬರೆದು ಲಿಫ್ಟಲ್ಲೂ ಅಂಟಿಸಿ.”

ಯಾರೋ ನಕ್ಕರು. ನಗು ಸಾಲಿನಿಂದ ಸಾಲಿಗೆ ಹರಡಿ ಸಭೆಯ ಬಿಗಿ ಸಡಿಲವಾಯಿತು. ತೊಟ್ಟಿಯವನನ್ನು ತೆಗೆಯುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಅಂದು ಮಧ್ಯಾಹ್ನವೇ ಸಿಸ್ಟರ್ ಮನೆಮನೆಗೆ ಹೋಗಿ ಉಳಿದ ಕ್ಯಾನುಗಳನ್ನು ಕೇಳಿ ಪಡೆದರು. ಕೆಲವರು ಸಂತೋಷದಿಂದ ಕೊಟ್ಟರು. ಮೂರನೆಯ ಮಹಡಿಯ ಒಬ್ಬಾಕೆ, “ನೀವೇ ಹಾಕು ಅಂದ್ರಿ, ನೀವೇ ಬೇಡ ಅಂತೀರಿ. ನಾಳೆ ಇನ್ನೇನು ಹೇಳ್ತೀರೋ” ಎಂದು ಚುಚ್ಚಿದಳು. ಸಿಸ್ಟರ್ ಅದನ್ನು ಕೇಳಿಸಿಕೊಂಡು, ಕ್ಯಾನು ಎತ್ತಿಕೊಂಡು ಮುಂದಿನ ಬಾಗಿಲಿಗೆ ಹೋದರು. ಕ್ಯಾನುಗಳೆಲ್ಲ ಅವರು ಮೊದಲು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಉಗ್ರಾಣ ಸೇರಿದವು. ಆಮೇಲೆ ಅವರು ಮುಲಾಮು ಹಿಡಿದುಕೊಂಡು ಗೋಡೆಯಾಚೆ ಹೋಗಿ, ಸೊಪ್ಪಿನಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದರು. ಅವಳು ಕೈಗಂಟಿದ ಮಣ್ಣನ್ನು ಒರೆಸಿಕೊಂಡಳು. ಕೊನೆಗೆ, “ಬಂದು ಹೇಳಿದ್ರಲ್ಲ, ಅಷ್ಟು ಸಾಕು” ಎಂದು ಮುಲಾಮು ಹಚ್ಚಿಸಿಕೊಳ್ಳಲು ಕೈ ಮುಂದೆ ಮಾಡಿದಳು. ಒಣಗಿದ ಪಾತಿಗಳನ್ನು ಕಿತ್ತು ಹಸನು ಮಾಡುವಾಗ ಕಟ್ಟಡದಿಂದ ಆರೇಳು ಜನ ಬಂದು ಕೈಜೋಡಿಸಿದರು. ಗುದ್ದಲಿ ಹಿಡಿದವರಲ್ಲಿ ದರ್ಜಿಯೂ ಇದ್ದ.

ಟ್ಯಾಂಕರ್ ಬಂದು ಗಸಿ ಸುರಿದ ಮರುದಿನದಿಂದ ಸಿಸ್ಟರ್ ಕೂಸಿನ ಸ್ನಾನ ಮುಗಿಸಿ ಎಂಟೂವರೆಗೆ ಕೆಳಗಿಳಿಯತೊಡಗಿದರು. ಜಾಡಿ ತುಂಬಿಸಿ ಅರ್ಧ ಗಂಟೆ ಕಾಯುವುದು, ಗಸಿ ಎಲ್ಲಿಗೆ ಇಳಿಯಿತೆಂದು ಗೆರೆ ಎಳೆಯುವುದು, ಒಂದು ಹನಿ ನೋಡುವುದು. ಮೊದಲ ವಾರ ಏನೂ ಬದಲಾಗಲಿಲ್ಲ. ಎರಡನೆಯ ವಾರ ಮೋಡ ತಿಳಿಯಾಗುತ್ತ ಬಂತು, ವಾಸನೆ ಬೆಳಗಿನ ಹೊತ್ತು ಮಾತ್ರ ಉಳಿಯಿತು. ಹದಿನಾರನೆಯ ದಿನ, ತೊಟ್ಟಿಯವನು ಹೊರಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಾಗ, ಒಳಗಿನಿಂದ ಸಿಸ್ಟರ್ ಕೂಗಿಕೊಂಡರು. ಏನು ಅನಾಹುತವಾಯಿತೋ ಎಂದು ಅವನು ಎಣ್ಣೆಗೈಯಲ್ಲೇ ಓಡಿ ಬಂದ. ತೊಟ್ಟಿನ ಮೇಲೆ ಒಂದೇ ಒಂದು ಗಂಟೆ ಬಾಯಿ ತೆರೆದು ನಿಂತಿತ್ತು. ಇಬ್ಬರೂ ಸರದಿಯ ಮೇಲೆ ಎಷ್ಟೋ ಹೊತ್ತು ಅದನ್ನೇ ನೋಡಿದರು.

ತಿಂಗಳು ಕಳೆಯಿತು. ತೊಟ್ಟಿಯ ನೀರು ಕಂದು ಬಣ್ಣಕ್ಕೆ ತಿರುಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರತೊಡಗಿತು. ಗೋಡೆಯಾಚೆ ಹೊಸ ಪಾತಿಗಳಲ್ಲಿ ಎರಡೆರಡು ಎಲೆ ಒಡೆದಿದ್ದವು. ತೊಟ್ಟಿಯವನ ತಂಗಿಗೆ ಮದುವೆ ಗೊತ್ತಾಯಿತು. ಹತ್ತು ವರ್ಷದಲ್ಲಿ ಒಂದು ದಿನವೂ ತೊಟ್ಟಿ ಬಿಟ್ಟು ಹೋಗದವನು ಎರಡು ದಿನ ರಜೆ ಕೇಳಲು ಒದ್ದಾಡುತ್ತಿದ್ದುದು ಸಿಸ್ಟರಿಗೆ ತಿಳಿದು, “ಆ ಎರಡು ದಿನ ನಾನು ನೋಡ್ಕೊಳ್ತೀನಿ” ಎಂದುಬಿಟ್ಟರು. ಕಟ್ಟಡದ ಯಾರಿಗೂ ಅದು ವಿಚಿತ್ರವೆನಿಸಲಿಲ್ಲ.

ಮದುವೆಯ ದಿನ ಬೆಳಗ್ಗೆ ಒಂಬತ್ತಕ್ಕೆ ತಗಡಿನ ಮಾಡಿನ ಕೋಣೆಯಲ್ಲಿ ಫೋನು ಹೊಡೆದುಕೊಂಡಿತು. ಆ ಕಡೆಯಿಂದ ವಾಲಗದ ಸದ್ದು, ಜನರ ಗಲಾಟೆ, ಅದರ ನಡುವೆ ಅವನ ದನಿ: “ಸಿಸ್ಟರ್, ಗಾಳಿ ಸರಿಯಾಗಿ ಬರ್ತಿದೆಯಾ? ಗಂಟೆಗಳು ಹೇಗಿದಾವೆ?”

ಸಿಸ್ಟರ್ ಒಂದು ಕಿವಿಗೆ ಫೋನು ಒತ್ತಿಕೊಂಡು, ಒಂದು ಕಣ್ಣನ್ನು ಮೈಕ್ರೋಸ್ಕೋಪಿಗಿಟ್ಟು, ಗೊಂಚಲು ಗೊಂಚಲಾಗಿ ನಿಂತವುಗಳನ್ನು ಅವಸರವಿಲ್ಲದೆ ಒಮ್ಮೆ ಪೂರ್ತಿ ನೋಡಿದರು.

“ಎಲ್ಲರೂ ಹುಷಾರಾಗಿದಾರೆ. ಊಟ ಚೆನ್ನಾಗಿ ಸೇರ್ತಿದೆ. ನೀವು ನಿಶ್ಚಿಂತೆಯಿಂದ ಮದುವೆ ಮುಗಿಸ್ಕೊಂಡು ಬನ್ನಿ” ಎಂದರು.